ಸೋಮಾರಿ ಕಣ್ಣು: ಮಿದುಳು ಒಂದು ಕಣ್ಣನ್ನು ಕಡೆಗಣಿಸುವುದೇಕೆ?

ನಿಮ್ಮ ಮಗು ಆಡುತ್ತದೆ, ಓದುತ್ತದೆ, ಟಿವಿ ನೋಡುತ್ತದೆ. ಆದರೂ ಕಣ್ಣಿನ ತಪಾಸಣೆಯಲ್ಲಿ ಒಂದು ಕಣ್ಣಿನ ದೃಷ್ಟಿ ತೀರಾ ಕಡಿಮೆ ಎಂದು ತಿಳಿದುಬರಬಹುದು. ಇದು ಆಂಬ್ಲಿಯೋಪಿಯಾ, ಅಂದರೆ ಸೋಮಾರಿ ಕಣ್ಣು, ಆಗಿರಬಹುದು. ಹೆಸರು ಹೀಗಿದ್ದರೂ ಇಲ್ಲಿ ಕಣ್ಣು ಸೋಮಾರಿಯಲ್ಲ. ಅದು ಕಳಿಸುವ ಚಿತ್ರವನ್ನು ಮಿದುಳು ಸರಿಯಾಗಿ ಬಳಸುತ್ತಿಲ್ಲ.

ಮಿದುಳಿನಲ್ಲಿ ಏನಾಗುತ್ತದೆ?

ಎರಡು ಕಣ್ಣುಗಳ ಚಿತ್ರಗಳನ್ನು ಮಿದುಳು ಸೇರಿಸಿ ಒಂದಾಗಿಸುತ್ತದೆ. ಅವು ಹೊಂದದಿದ್ದರೆ ದೊಡ್ಡವರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಚಿಕ್ಕ ಮಕ್ಕಳ ಮಿದುಳು ಈ ಗೊಂದಲ ತಪ್ಪಿಸಲು ಒಂದು ಕಣ್ಣಿನ ಚಿತ್ರವನ್ನು ಅದುಮಿಡುತ್ತದೆ. ಇದೇ ಮುಂದುವರಿದರೆ ಆ ಕಣ್ಣಿಗೆ ಸಂಬಂಧಿಸಿದ ನರಸಂಪರ್ಕಗಳು ದುರ್ಬಲವಾಗುತ್ತವೆ.

ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿ ನೋಡಿದರು. ಮತ್ತೆ ತೆರೆದಾಗ ಮಿದುಳಿನ ದೃಷ್ಟಿಭಾಗದ ಹೆಚ್ಚಿನ ಜೀವಕೋಶಗಳು ಆ ಕಣ್ಣಿಗೆ ಸ್ಪಂದಿಸಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹೀಗಾಗಲಿಲ್ಲ. ಎಳೆಯ ವಯಸ್ಸು ಏಕೆ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು. ದೃಷ್ಟಿಯ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ದೊರೆಯಿತು.

ಕಾರಣಗಳೇನು?

• ಮೆಳ್ಳೆಗಣ್ಣು
• ಎರಡು ಕಣ್ಣುಗಳ ಪವರ್‌ನಲ್ಲಿ ಹೆಚ್ಚು ವ್ಯತ್ಯಾಸ
• ಹುಟ್ಟಿನಿಂದ ಬಂದ ಪೊರೆ ಅಥವಾ ಕಣ್ಣನ್ನು ಮುಚ್ಚುವಂತೆ ಜೋತುಬಿದ್ದ ರೆಪ್ಪೆ

ಪವರ್ ವ್ಯತ್ಯಾಸವಿದ್ದಾಗ ಕಣ್ಣುಗಳು ನೇರವಾಗಿಯೇ ಕಾಣುತ್ತವೆ. ಚೆನ್ನಾಗಿರುವ ಕಣ್ಣು ಕೆಲಸ ನಡೆಸುವುದರಿಂದ ಮಗು ದೂರುವುದೂ ಇಲ್ಲ. ಹಾಗಾಗಿ ಶಾಲೆಗೆ ಸೇರಿಸುವ ಮೊದಲೇ ಒಮ್ಮೆ ಕಣ್ಣಿನ ತಪಾಸಣೆ ಮಾಡಿಸಿ. ಮೆಳ್ಳೆಗಣ್ಣನ್ನು ಅದೃಷ್ಟವೆಂದೋ, ತಾನಾಗಿ ಸರಿಹೋಗುತ್ತದೆಂದೋ ಬಿಡಬೇಡಿ. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಏಕೆ?

ಪೊರೆಯಂಥ ಅಡ್ಡಿಯಿದ್ದರೆ ಮೊದಲು ಅದನ್ನು ಸರಿಪಡಿಸಿ, ಅಗತ್ಯವಿದ್ದರೆ ಕನ್ನಡಕ ಕೊಡುತ್ತಾರೆ. ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಹಾಕುತ್ತಾರೆ. ಆಗ ಮಿದುಳು ದುರ್ಬಲ ಕಣ್ಣನ್ನು ಬಳಸಲೇಬೇಕಾಗುತ್ತದೆ. ಮಧ್ಯಮ ಪ್ರಮಾಣದ ತೊಂದರೆಗೆ ಹಲವು ಬಾರಿ ದಿನಕ್ಕೆ 2 ಗಂಟೆ ಸಾಕು. ಕೆಲವರಿಗೆ ಅಟ್ರೋಪಿನ್ ಹನಿಯಿಂದ ಆ ಕಣ್ಣನ್ನು ಮಂಜಾಗಿಸುತ್ತಾರೆ. ಎಷ್ಟು ಹೊತ್ತು, ಎಷ್ಟು ಹನಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಪ್ಯಾಚ್ ಹಾಕಿದಾಗ ಮಗು ಅತ್ತು ಕಿತ್ತುಹಾಕಬಹುದು. ಅದು ಹಟವಲ್ಲ, ಅದಕ್ಕೆ ನಿಜಕ್ಕೂ ಸರಿಯಾಗಿ ಕಾಣುತ್ತಿಲ್ಲ. ಗದರಬೇಡಿ. ಆ ಹೊತ್ತಿನಲ್ಲಿ ಚಿತ್ರ ಬಿಡಿಸುವುದು, ಮಣಿ ಪೋಣಿಸುವುದು, ಕಥೆ ಪುಸ್ತಕ ನೋಡುವುದು ಮಾಡಿಸಿ.

ತಡವಾಗಿದ್ದರೆ?

7 ವರ್ಷದೊಳಗೆ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಲ್ಲೂ ಸುಧಾರಣೆ ಸಾಧ್ಯ, ಆದ್ದರಿಂದ ಕೈಚೆಲ್ಲಬೇಡಿ. ದೃಷ್ಟಿ ಸುಧಾರಿಸಿದ ಮೇಲೂ ತೊಂದರೆ ಮರುಕಳಿಸಬಹುದು. ಪ್ಯಾಚ್ ಅನ್ನು ನೀವಾಗಿಯೇ ನಿಲ್ಲಿಸದೆ, ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ತೋರಿಸಿ.