ಎಲುಬು ಕರಗುವ ಸೀಮೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಣ್ಣಿನಲ್ಲಿ ಎಲುಬು ಬಹುಕಾಲ ಬಾಳುವುದಿಲ್ಲ. ಘಟ್ಟದ ಅಂಚಿನ ಹೆಚ್ಚಿನ ಊರುಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರು ಮೀರಿ ಮಳೆ ಹೊಯ್ಯುತ್ತದೆ. ಆ ನೀರು ಜಂಬಿಟ್ಟಿಗೆ ನೆಲದೊಳಗೆ ಇಳಿಯುತ್ತ ಸುಣ್ಣದಂಶವನ್ನೆಲ್ಲ ತೊಳೆದು ಹೊಳೆಗೆ ಒಯ್ಯುತ್ತದೆ. ಉಳಿಯುವುದು ಹುಳಿ ಹಿಡಿದ ಕೆಂಪು ಮಣ್ಣು. ಅಡಿಕೆ ತೋಟಕ್ಕೆ ಆಗಾಗ ಸುಣ್ಣ ಕೊಡಬೇಕೆಂದು ತೋಟಗಾರಿಕೆಯವರು ಹೇಳುವುದು ಈ ಹುಳಿಯನ್ನು ಮುರಿಯಲಿಕ್ಕೆ. ಎಲುಬಿನ ಗಟ್ಟಿತನವೆಲ್ಲ ಕ್ಯಾಲ್ಸಿಯಂ ಮತ್ತು ರಂಜಕದ್ದು; ಹುಳಿ ಅದನ್ನು ಕರಗಿಸುತ್ತದೆ. ಹುಳಿಮಣ್ಣಿನಲ್ಲಿ ಹೂತ ದೇಹ ಕೆಲವು ತಲೆಮಾರುಗಳಲ್ಲೇ ಮಣ್ಣಿನ ಬಣ್ಣದ ಕಲೆಯಾಗಿ, ಆಮೇಲೆ ಅದೂ ಇಲ್ಲದಾಗುತ್ತದೆ.

ಹೀಗಾಗಿ ಈ ಸೀಮೆಯ ಅತಿ ಹಳೆಯ ಮನುಷ್ಯರು ನಮಗೆ ಮುಖ ತೋರಿಸುವುದಿಲ್ಲ. ಕದಂಬರ ಬನವಾಸಿ ಇಟ್ಟಿಗೆ, ನಾಣ್ಯ, ಶಾಸನಗಳನ್ನು ಬಿಟ್ಟುಹೋಗಿದೆ. ವೀರಗಲ್ಲುಗಳು ಸತ್ತವರ ಹೆಸರನ್ನೇ ಹೇಳುತ್ತವೆ. ಅಕ್ಷರಕ್ಕಿಂತ ಹಿಂದಿನವರದು ಕಲ್ಲಷ್ಟೇ: ಸಾಗರದಾಚೆ ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಗಳಲ್ಲಿ ಎತ್ತರದ ನಿಲುಸುಗಲ್ಲುಗಳು ನಿಂತಿವೆ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕುಗಳಿಗೆ ಹೊಂದಿಸಿ ಅವನ್ನು ನಿಲ್ಲಿಸಿದ್ದಾರೆಂದು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮುಂತಾದವರು ಅಳೆದು ತೋರಿಸಿದ್ದಾರೆ. ಆಕಾಶವನ್ನು ಅಷ್ಟು ಚೆನ್ನಾಗಿ ಬಲ್ಲ ಜನರಿಗೆ ಹಲ್ಲುನೋವಿತ್ತೇ, ಹೆತ್ತ ಮಕ್ಕಳಲ್ಲಿ ಎಷ್ಟು ಉಳಿಯುತ್ತಿದ್ದವು, ಬರಗಾಲದಲ್ಲಿ ಏನು ತಿಂದರು? ಇದಕ್ಕೆ ಕಲ್ಲು ಉತ್ತರಿಸುವುದಿಲ್ಲ. ಎಲುಬೇ ಬೇಕು, ಎಲುಬಿಗಾಗಿ ಪೂರ್ವಕ್ಕೆ ಇಳಿಯಬೇಕು.

ಶಿರಸಿ, ಯಲ್ಲಾಪುರಗಳ ಅಘನಾಶಿನಿ, ಬೇಡ್ತಿಗಳು ಪಡುವಲಕ್ಕೆ ಹರಿದರೆ, ವರದೆ ಬನವಾಸಿಯನ್ನು ಬಳಸಿ ಮೂಡಲಕ್ಕೆ ಹೋಗಿ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಆ ಸಂಗಮಕ್ಕಿಂತ ಮೇಲೆ, ಅದೇ ತುಂಗಭದ್ರೆಯ ದಂಡೆಯಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರು ಇದೆ. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಅಗೆದರು. ವರದಿ 1971ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ನವಶಿಲಾಯುಗದ ದುಂಡು ಮನೆಗಳು, ಅವುಗಳ ಮೇಲಿನ ಪದರದಲ್ಲಿ ಸುಮಾರು 3000 ವರ್ಷಗಳಷ್ಟು ಹಳೆಯ ಕಬ್ಬಿಣ ಅಲ್ಲಿ ಸಿಕ್ಕಿದವು. ಪ್ರಾಣಿಗಳ ಎಲುಬನ್ನು ಪರೀಕ್ಷಿಸಿದವರು ಪಶುವೈದ್ಯ ಕೆ. ಆರ್. ಆಲೂರ. ಅವುಗಳಲ್ಲಿ ಕುದುರೆಯವೂ ಇವೆ ಎಂದು ಅವರು ಹೇಳಿದ್ದು ದೇಶದ ವಿದ್ವಾಂಸರ ನಡುವೆ ದೊಡ್ಡ ಚರ್ಚೆ ಎಬ್ಬಿಸಿತು. ದನದ ಕಾಲಿನ ಎಲುಬನ್ನು ಕೈಯಲ್ಲಿ ಹಿಡಿದು ಬಲ್ಲ ವೈದ್ಯನೊಬ್ಬ ಇತಿಹಾಸದ ವಾದಕ್ಕೆ ಸಾಕ್ಷಿ ಒದಗಿಸಿದ್ದು ಕನ್ನಡನಾಡಿನ ಪುರಾತತ್ತ್ವದ ಅತಿ ಚೆಂದದ ಅಧ್ಯಾಯಗಳಲ್ಲೊಂದು.

ಕುದುರೆಯ ಗದ್ದಲದಲ್ಲಿ ಮನುಷ್ಯರ ಸಂಗತಿ ಹಿಂದೆ ಸರಿಯಿತು. ಹಳ್ಳೂರು, ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಂಥ ನವಶಿಲಾಯುಗದ ಊರುಗಳಲ್ಲಿ ಸತ್ತವರನ್ನು ಊರಾಚೆ ಒಯ್ಯುತ್ತಿರಲಿಲ್ಲ. ದೊಡ್ಡವರನ್ನು ಮನೆಗಳ ನಡುವೆ ಗುಂಡಿ ತೋಡಿ ಮಲಗಿಸುತ್ತಿದ್ದರು. ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಅಗೆದಾಗ ಸಿಕ್ಕ ಅಸ್ಥಿಗಳನ್ನು ಕೆ. ಸಿ. ಮಲ್ಹೋತ್ರಾ ಅಧ್ಯಯನ ಮಾಡಿದರು. ಕೂಸಿನ ಎಲುಬು ಬಲು ಮೆದು, ಬೇಗ ಪುಡಿಯಾಗುತ್ತದೆ. ಅದು ಉಳಿದಿದ್ದರೆ ಮಡಕೆಯ ಆಸರೆಯಿಂದ, ಮತ್ತು ಬಯಲುಸೀಮೆಯ ಸುಣ್ಣಹರಳು ಬೆರೆತ ಮಣ್ಣಿನ ದಯೆಯಿಂದ.

ಇಂಥ ಎಲುಬನ್ನು ಓದುವ ಬಗೆ ಹೀಗೆ. ಸೊಂಟದ ಎಲುಬಿನ ಅಗಲ ನೋಡಿದರೆ ಹೆಣ್ಣೋ ಗಂಡೋ ತಿಳಿಯುತ್ತದೆ. ಯಾವ ಹಲ್ಲು ಮೂಡಿದೆ, ಉದ್ದ ಎಲುಬುಗಳ ತುದಿ ಬೆಸೆದಿದೆಯೇ ಎಂಬುದರಿಂದ ವಯಸ್ಸು. ಹಾಲುಗೂಸು ತಾಯಿಯ ಮೊಲೆ ಬಿಡುವ ಕಾಲದಲ್ಲಿ ಕಾಯಿಲೆಯಿಂದಲೋ ಹಸಿವಿನಿಂದಲೋ ನರಳಿದ್ದರೆ, ಆಗ ಬೆಳೆಯುತ್ತಿದ್ದ ಹಲ್ಲಿನ ಕವಚದ ಮೇಲೆ ಅಡ್ಡಗೆರೆ ಬೀಳುತ್ತದೆ. ಆ ಕೂಸು ಬೆಳೆದು ಮುದಿಯಾಗಿ ಸತ್ತರೂ ಗೆರೆ ಅಳಿಯುವುದಿಲ್ಲ. ಕಣ್ಣುಗುಳಿಯ ಮೇಲ್ಚಾವಣಿಯಲ್ಲಿ ಸಣ್ಣ ತೂತುಗಳಿದ್ದರೆ ಬಾಲ್ಯದ ರಕ್ತಹೀನತೆಯ ಶಂಕೆ. ಕುಕ್ಕರಗಾಲಲ್ಲಿ ಕೂತು ದುಡಿದವರ ಹರಡಿನ ಎಲುಬಿನಲ್ಲಿ ಚಪ್ಪಟೆ ಗುರುತು ಬೀಳುತ್ತದೆ. ಊಟವನ್ನೂ ಎಲುಬು ದಾಖಲಿಸುತ್ತದೆ. ಭತ್ತ ಒಂದು ಬಗೆಯ ಇಂಗಾಲ ಹಿಡಿಯುತ್ತದೆ, ರಾಗಿ ಜೋಳಗಳು ಇನ್ನೊಂದು ಬಗೆಯದನ್ನು. ಆ ಲೆಕ್ಕ ಉಂಡವನ ದೇಹದಲ್ಲೂ ಉಳಿಯುತ್ತದೆ. ಬಯಲುಸೀಮೆಯ ನವಶಿಲಾಯುಗದವರು ಕೊರಲೆ, ಹುರುಳಿ, ಹೆಸರು ಬೆಳೆಯುತ್ತಿದ್ದರೆಂದು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮುಂತಾದವರು ಸುಟ್ಟ ಕಾಳುಗಳಿಂದ ತೋರಿಸಿದ್ದಾರೆ. ಇಂದು ಕೊರಲೆಯನ್ನು ಸಿರಿಧಾನ್ಯವೆಂದು ಕೊಂಡು ತಿನ್ನುವವರು ಅದೇ ತಟ್ಟೆಯ ಊಟ ಮಾಡುತ್ತಿದ್ದಾರೆ.

ಎಲುಬಿಗೆ ಕೇಳುವ ಈ ಪ್ರಶ್ನೆಗಳು ಮೊದಲಿನಿಂದ ಇದ್ದಂಥವಲ್ಲ. 19ನೇ ಶತಮಾನದ ನಡುವಿನಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿ ಅಸ್ಥಿಪಂಜರಗಳನ್ನು ಕಂಡ. ಅವನ ಕುತೂಹಲವೆಲ್ಲ ಇವು ಯುರೋಪಿನ ಸೆಲ್ಟರ ಗೋರಿಗಳಂತೆಯೇ ಇವೆಯಲ್ಲ ಎಂಬುದರಲ್ಲಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕಲ್ಗೋರಿಗಳನ್ನು ಬಿಡಿಸಿದಾಗ ಒಂದೊಂದರಲ್ಲಿ ಹಲವರ ಬಿಡಿ ಎಲುಬುಗಳು ಸಿಕ್ಕಿದವು. ಆ ತಲೆಬುರುಡೆಗಳನ್ನು ಪರೀಕ್ಷಿಸಿದ ಎಸ್. ಎಸ್. ಸರ್ಕಾರ್, ಅವು ಯಾವ ಜನಾಂಗದವರವು ಎಂಬುದನ್ನೇ ಮುಖ್ಯವಾಗಿ ಹುಡುಕಿದರು. 1972ರ ಅವರ ಪುಸ್ತಕದ ವಿಷಯವೇ ದಖ್ಖನಿನ ಪ್ರಾಚೀನ ಜನಾಂಗಗಳು. ತಲೆಯ ಉದ್ದಗಲ ಅಳೆದು ಕುಲ ಕಟ್ಟುವ ಈ ವಿದ್ಯೆ ಎಷ್ಟೋ ವರ್ಷಗಳ ಶ್ರಮವನ್ನು ತಿಂದಿತು. ಅಷ್ಟರಲ್ಲಿ ಅದೇ ಎಲುಬುಗಳು ಹೇಳಬಲ್ಲ ಹಸಿವು, ಹೆರಿಗೆ, ಹೊರೆಗಳ ಕಥೆಯನ್ನು ಹೆಚ್ಚು ಜನ ಕೇಳಲಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ಕೆನಡಿ ದಕ್ಷಿಣ ಭಾರತದ ಕಲ್ಗೋರಿ ಜನರ ಎಲುಬುಗಳನ್ನು ಮತ್ತೆ ಹಿಡಿದು, ಜನಾಂಗದ ಅಚ್ಚುಗಳಲ್ಲಿ ಅವರನ್ನು ಕೂರಿಸಲಾಗದು ಎಂದರು; ಕಾಯಿಲೆ, ದುಡಿಮೆ, ಬೆಳವಣಿಗೆಯ ಗುರುತುಗಳತ್ತ ಕಣ್ಣು ಹೊರಳಿಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಸುಭಾಷ್ ವಾಳಿಂಬೆ, ಹಲ್ಲುಗಳ ತಜ್ಞ ಜಾನ್ ಲೂಕಾಕ್ಸ್ ಆ ದಾರಿಯನ್ನು ಅಗಲ ಮಾಡಿದರು.

ಅದರ ಫಲ ಎಷ್ಟು ದೊಡ್ಡದೆಂದು ತಿಳಿಯಲು ಪುಣೆ ಜಿಲ್ಲೆಯ ಇನಾಂಗಾಂವ್ ನೋಡಬೇಕು. 1968ರಿಂದ ಹತ್ತಕ್ಕೂ ಹೆಚ್ಚು ವರ್ಷ ಅಗೆದ ಆ ಊರಿನಲ್ಲಿ 200ಕ್ಕೂ ಹೆಚ್ಚು ಸಮಾಧಿಗಳು ದೊರೆತವು, ಬಹುಪಾಲು ಮಕ್ಕಳವೇ. ಎರಡು ಮಡಕೆಗಳ ಬಾಯಿಗೆ ಬಾಯಿ ಸೇರಿಸಿ ಮನೆಯ ನೆಲದಡಿ ಇಟ್ಟ ಕೂಸುಗಳು. ಗ್ವೆನ್ ರಾಬಿನ್ಸ್ ಶುಗ್ ಆ ಪುಟ್ಟ ಎಲುಬುಗಳನ್ನು ಅಳೆದು, ಊರಿನ ಕೊನೆಯ ಶತಮಾನಗಳಲ್ಲಿ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತೆಂದು 2011ರ ಪುಸ್ತಕದಲ್ಲಿ ತೋರಿಸಿದರು. ಯಾವ ರಾಜನ ಶಾಸನವೂ ಬರೆದಿಡದ ಸಂಕಟ ಅದು.

ಅದೇ ವಿದ್ವಾಂಸೆ ಮತ್ತು ಸಂಗಡಿಗರು 2009ರಲ್ಲಿ ರಾಜಸ್ಥಾನದ ಬಾಲಾಥಲ್‌ನ ಸುಮಾರು 4000 ವರ್ಷ ಹಿಂದಿನ ಅಸ್ಥಿಪಂಜರದಲ್ಲಿ ಕುಷ್ಠರೋಗದ ಗುರುತು ಕಂಡರು. ಆ ದೇಹ ಉಳಿದದ್ದು ಸಗಣಿ ಸುಟ್ಟ ಬೂದಿ ತುಂಬಿದ ಕಲ್ಲಿನ ಆವರಣದಲ್ಲಿ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳ ಬೂದಿದಿಬ್ಬಗಳೂ ಸುಟ್ಟ ಸಗಣಿಯವೇ. ಬೂದಿ ಕ್ಷಾರಗುಣದ್ದು, ಎಲುಬನ್ನು ಕಾಯುತ್ತದೆ. ರಸ್ತೆಗೆ, ಹೊಲಕ್ಕೆ ಬೂದಿದಿಬ್ಬ ಕರಗಿಸುವಾಗ ಹೋಗುವುದು ಬರೀ ಬೂದಿಯಲ್ಲ.

ಎಲುಬು ಎಲ್ಲವನ್ನೂ ಹೇಳುವುದೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಸಿದ್ದಾಪುರದ ಕಾಡಂಚನ್ನು ಕಾಡುತ್ತಿದೆ. ಅದು ಕೊಂದರೆ ದಿನಗಳಲ್ಲೇ ಕೊಲ್ಲುತ್ತದೆ; ಎಲುಬಿನ ಮೇಲೆ ಗೆರೆ ಎಳೆಯುವಷ್ಟು ಹೊತ್ತು ಕೊಡುವುದಿಲ್ಲ. ಗುರುತು ಮೂಡಿದ ಎಲುಬು ರೋಗವನ್ನು ತಾಳಿ ಬದುಕಿದವನದು. ಗುರುತೇ ಇಲ್ಲದ್ದು ಆರೋಗ್ಯವಂತನದೂ ಆಗಿರಬಹುದು, ಮೊದಲ ಪೆಟ್ಟಿಗೇ ಸತ್ತವನದೂ ಆಗಿರಬಹುದು. ಮಲೇರಿಯಾ ಬೇರೆ. ವರ್ಷ ವರ್ಷ ಮರಳುವ ಚಳಿಜ್ವರ ರಕ್ತ ಹೀರಿ, ಮಕ್ಕಳ ಕಣ್ಣುಗುಳಿಯಲ್ಲಿ ಆ ತೂತುಗಳನ್ನು ಬಿಡಬಲ್ಲದು. ಮಲೆನಾಡಿನ ಊರುಗಳನ್ನು ಬರಿದು ಮಾಡುತ್ತಿದ್ದ ಈ ಜ್ವರದ ವಿರುದ್ಧ 1946ರಿಂದ ಡಿ. ಕೆ. ವಿಶ್ವನಾಥನ್ ನೇತೃತ್ವದಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಭಾರತದ ಗ್ರಾಮಾಂತರದಲ್ಲಿ ಆ ಬಗೆಯ ಮೊದಮೊದಲ ದೊಡ್ಡ ಪ್ರಯತ್ನ ಅದು. ಅದಕ್ಕಿಂತ ಸಾವಿರಾರು ವರ್ಷ ಹಿಂದೆ ಇಲ್ಲಿ ಕಾಡು ಕಡಿದು ನೆಲೆ ನಿಂತವರನ್ನೂ ಇದೇ ಜ್ವರ ಕಾಡಿತ್ತೇ? ಉತ್ತರ ಹೇಳಬೇಕಾದ ಕಣ್ಣುಗುಳಿಗಳನ್ನು ಮಣ್ಣು ಕರಗಿಸಿದೆ.

ಮಣ್ಣು ಕಳೆದುಕೊಂಡದ್ದನ್ನು ಸಮುದ್ರ ಒಂದಿಷ್ಟು ಉಳಿಸಿಕೊಂಡಿದೆ. ಕಾಳಿ ನದಿ ಯಲ್ಲಾಪುರದ ಕಾಡುಗಳ ಹೂಪರಾಗವನ್ನು ಹೊತ್ತು ಕಾರವಾರದ ಕಡಲಿಗೆ ಸುರಿಯುತ್ತದೆ. ಅಲ್ಲಿನ ಕೆಸರಿನ ಪದರಗಳನ್ನು ಪರೀಕ್ಷಿಸಿದ ಕಾರಾಟಿನಿ ಮತ್ತು ಸಂಗಡಿಗರು ಸುಮಾರು 3500 ವರ್ಷಗಳ ಹಿಂದೆ ಕಾಡಿನ ಪರಾಗ ಇಳಿದು ಹುಲ್ಲುನೆಲದ್ದು ಏರಿತೆಂದು 1994ರಲ್ಲಿ ಬರೆದರು. ಮಳೆ ಕಡಿಮೆಯಾದದ್ದೇ ಕಾರಣವೆಂದು ಅವರ ಮತ. ಕಾಡಿಗೆ ಬೆಂಕಿಯಿಟ್ಟು ಕುಮರಿ ಮಾಡಿದವರ ಕೈಯೂ ಇತ್ತೆಂದು ಕುಮಟಾದ ಎಂ. ಡಿ. ಸುಭಾಶ್ಚಂದ್ರನ್ ವಾದಿಸಿದ್ದಾರೆ. ಹಳ್ಳೂರಿನ ದುಂಡು ಮನೆಗಳ ಕಾಲವೂ ಹೆಚ್ಚುಕಡಿಮೆ ಅದೇ ಸುಮಾರಿನದು. ದನ ಕಾಯುವ ಆ ಜನ ಬೇಸಿಗೆಯಲ್ಲಿ ಹಸಿರು ಹುಡುಕಿ ಘಟ್ಟದಂಚಿಗೆ ಹತ್ತಿ ಬರುತ್ತಿದ್ದರೇ ಎಂಬುದನ್ನು ಅವರ ಹಲ್ಲಿನಿಂದ ಕೇಳಬಹುದು. ಬಾಲ್ಯದಲ್ಲಿ ಕುಡಿದ ನೀರು, ಉಂಡ ಬೆಳೆಯ ಸ್ಟ್ರಾನ್ಷಿಯಂ ಹಲ್ಲಿನ ಕವಚದಲ್ಲಿ ಕೂರುತ್ತದೆ. ಬೇರೆ ಬಂಡೆಯ ನೆಲಕ್ಕೆ ಬೇರೆ ಗುರುತು.

ಅಡಿಕೆಯ ಸೀಮೆಗೆ ಹಲ್ಲು ಇನ್ನೂ ಒಂದು ಕಾರಣಕ್ಕೆ ಬೆಲೆಯುಳ್ಳದ್ದು. ಫಿಲಿಪೈನ್ಸ್‌ನ ಡುಯೋಂಗ್ ಗವಿಯಲ್ಲಿ ಕವಳದ ಕೆಂಪು ಹತ್ತಿದ ಹಲ್ಲಿನ ಅಸ್ಥಿಪಂಜರ, ಜೊತೆಗೆ ಸುಣ್ಣದ ಚಿಪ್ಪುಗಳು ಸಿಕ್ಕಿವೆ. ಸುಮಾರು 4600 ವರ್ಷ ಹಳೆಯವು. ಥಾಯ್ಲೆಂಡಿನ ನೊಂಗ್ ರಾಚವಾತ್‌ನಲ್ಲಿ ಸುಮಾರು 4000 ವರ್ಷ ಹಿಂದಿನ ಹಲ್ಲಿಗೆ ಅಂಟಿದ ಕಿಟ್ಟದಲ್ಲಿ ಅಡಿಕೆಯ ಅರೆಕೊಲಿನ್ ಎಂಬ ರಾಸಾಯನಿಕ ಇದೆಯೆಂದು 2025ರಲ್ಲಿ ಪ್ರಕಟವಾಯಿತು. ಆ ಹಲ್ಲಿನ ಮೇಲೆ ಕಣ್ಣಿಗೆ ಕಾಣುವ ಕಲೆಯೇ ಇರಲಿಲ್ಲ. ಕವಳ ಹಾಕುವ ರೂಢಿ ಘಟ್ಟದ ಮೇಲೆ ಯಾವಾಗ ಬಂತೆಂಬುದನ್ನು ಇಲ್ಲಿಯ ಹಲ್ಲೊಂದು ಹೇಳಿದರೂ ಹೇಳೀತು.

ಆ ಹಲ್ಲು ಉಳಿದಿರುವ ಸಾಧ್ಯತೆ ಇದೆ. ಹಲ್ಲಿನ ಕವಚದ ಶೇಕಡ 96ರಷ್ಟು ಖನಿಜವೇ, ಎಲುಬಿಗಿಂತ ಬಹಳ ಬಿಗಿ. ಎಲುಬೆಲ್ಲ ಕರಗಿದ ಗೋರಿಯಲ್ಲೂ ತೆಳು ಚಿಪ್ಪಿನಂತೆ ಅದು ದೊರೆಯುವುದುಂಟು. ಹಾಗಾಗಿ ತೋಟಕ್ಕೆ ಅಗಳ ತೆಗೆಯುವಾಗಲೋ ಮನೆಗೆ ಪಾಯ ತೋಡುವಾಗಲೋ ಕಲ್ಲುಚಪ್ಪಡಿಯಡಿ ಹಳೆಯ ಮಡಕೆ ಎದುರಾದರೆ, ಒಳಗಿನ ಮಣ್ಣನ್ನು ಕೊಡವಿ ಮಡಕೆ ತೊಳೆದಿಡುವುದು ಬೇಡ. ಇದ್ದ ಜಾಗದಲ್ಲೇ ಬಿಟ್ಟು, ಮಳೆ ಬೀಳದಂತೆ ಮುಚ್ಚಿ, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಬೇಕಾದ ಹಲ್ಲು, ಅದಕ್ಕೆ ಅಂಟಿದ ಕಿಟ್ಟ, ಅಂದಿನ ಊಟದ ಅಂಶ ಇರುವುದು ಆ ಹಿಡಿಮಣ್ಣಿನಲ್ಲೇ.