ಮೂಕ ಸಂವೇದಕಗಳ ಪರಿಚಯಪತ್ರ: ಅನಲಾಗ್ ಉಷ್ಣತಾಮಾಪಕವೂ ಸಾಧನವೃಕ್ಷವೂ

ಗಣಕಯಂತ್ರಕ್ಕೆ ಜೋಡಿಸುವ ಉಪಕರಣಗಳಲ್ಲಿ ಅನೇಕವು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳಬಲ್ಲವು. ಪಿಸಿಐ ಅಥವಾ ಯುಎಸ್‌ಬಿ ಮಾರ್ಗದಲ್ಲಿರುವ ಉಪಕರಣವನ್ನು ಕಾರ್ಯಾಚರಣಾ ವ್ಯವಸ್ಥೆಯು ‘ನೀನಾರು?’ ಎಂದು ಕೇಳಿದರೆ, ಅದು ತಯಾರಕನ ಸಂಖ್ಯೆಯನ್ನೂ ತನ್ನ ಸಂಖ್ಯೆಯನ್ನೂ ಒಪ್ಪಿಸುತ್ತದೆ. ಅದಕ್ಕೆ ತಕ್ಕ ಡ್ರೈವರನ್ನು, ಎಂದರೆ ಆ ಉಪಕರಣವನ್ನು ನಡೆಸಬಲ್ಲ ಕ್ರಮವಿಧಿಯ ಭಾಗವನ್ನು, ವ್ಯವಸ್ಥೆಯು ಹುಡುಕಿಕೊಳ್ಳುತ್ತದೆ. ಅನಲಾಗ್ ಉಷ್ಣತಾ ಸಂವೇದಕಕ್ಕೆ ಈ ಶಕ್ತಿಯಿಲ್ಲ. ಎರಡು ಮೂರು ತಂತಿಗಳ ಈ ಪುಟ್ಟ ವಸ್ತುವು ವೋಲ್ಟೇಜನ್ನೋ ವಿದ್ಯುತ್ ಪ್ರವಾಹವನ್ನೋ ರೋಧವನ್ನೋ ಮುಂದಿಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದು ಹೇಳಲಾರದು. ಅದರ ಪರವಾಗಿ ಬೇರೆ ಯಾರಾದರೂ ಸಾಕ್ಷಿ ನುಡಿಯಬೇಕು. ಆ ಸಾಕ್ಷ್ಯವನ್ನು ಎಲ್ಲಿ ಬರೆದಿಡಬೇಕು, ಯಾವ ಪದಗಳಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಲಿನಕ್ಸ್ ಕರ್ನೆಲ್ಲಿನ ನಿರ್ಮಾಪಕರು ಕಂಡುಕೊಂಡ ಉತ್ತರಗಳ ಇತಿಹಾಸವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುವೆವು.

ಪ್ರಶ್ನೆಯು ಅಲ್ಪವೆಂದು ತೋರಬಹುದು, ಆದರೆ ಅಲ್ಪವಲ್ಲ. ಎಲ್‌ಎಂ 35 ಎಂಬ ಸಂವೇದಕವು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಿಂದ ಮೇಲಕ್ಕೆ ಡಿಗ್ರಿಯೊಂದಕ್ಕೆ 10 ಮಿಲಿವೋಲ್ಟಿನಂತೆ ಕೊಡುತ್ತದೆ. ಟಿಎಂಪಿ 36 ಎಂಬುದರ ಏರಿಕೆಯೂ ಡಿಗ್ರಿಗೆ 10 ಮಿಲಿವೋಲ್ಟೇ. ಆದರೆ ಸೊನ್ನೆ ಡಿಗ್ರಿಯಲ್ಲಿಯೇ ಅದು 500 ಮಿಲಿವೋಲ್ಟನ್ನು ತೋರಿಸುತ್ತದೆ. ಹೀಗಿರಲು, ತಂತಿಯ ಮೇಲೆ 750 ಮಿಲಿವೋಲ್ಟು ಕಂಡುಬಂದಿತೆನ್ನೋಣ. ಸಂವೇದಕವು ಮೊದಲನೆಯದಾದರೆ ಉಷ್ಣತೆ 75 ಡಿಗ್ರಿ, ಎರಡನೆಯದಾದರೆ 25 ಡಿಗ್ರಿ. ಒಂದು ಅಪಾಯದ ಸೂಚನೆ. ಇನ್ನೊಂದು ಹಿತವಾದ ಕೊಠಡಿ. ತಂತಿಯನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಈ ಭೇದವು ತಿಳಿಯದು.

ವಿದ್ಯುತ್ತಿನಿಂದ ಉಷ್ಣತೆಯನ್ನರಿಯುವ ವಿದ್ಯೆಯು ಗಣಕಯಂತ್ರಕ್ಕಿಂತ ಬಹಳ ಹಿರಿಯದು. ಬೆಳ್ಳಿಯ ಸಲ್ಫೈಡು ಕಾದಂತೆಲ್ಲ ಅದರ ರೋಧವು ಕುಗ್ಗುವುದನ್ನು ಫ್ಯಾರಡೆಯು 1833ರಲ್ಲಿ ದಾಖಲಿಸಿದನು. ಇಂದಿನ ಥರ್ಮಿಸ್ಟರುಗಳ ಗುಣವು ಇದೇ. ಪ್ಲಾಟಿನಂ ತಂತಿಯ ರೋಧದಿಂದ ಉಷ್ಣತೆಯನ್ನಳೆಯಬಹುದೆಂದು ವಿಲಿಯಂ ಸೀಮೆನ್ಸನು 1871ರಲ್ಲಿ ಪ್ರತಿಪಾದಿಸಿದನು. ಅವನ ಮಾಪಕವು ಬೆಂಕಿಯಲ್ಲಿ ಕಾದ ಬಳಿಕ ಮೊದಲಿನ ಅಳತೆಗೆ ಮರಳದಿದ್ದುದರಿಂದ ಆ ಮಾರ್ಗಕ್ಕೆ ಅಪಕೀರ್ತಿ ಬಂದಿತು. ಅದನ್ನು ಪುನಃ ಪ್ರತಿಷ್ಠಾಪಿಸಿದವನು ಕ್ಯಾಲೆಂಡರ್. 1887ರ ತನ್ನ ಪ್ರಬಂಧದಲ್ಲಿ ಅವನು ಶುದ್ಧ ಪ್ಲಾಟಿನಂ ತಂತಿಯು ನಂಬಲರ್ಹವೆಂಬುದನ್ನು ತೋರಿಸಿಕೊಟ್ಟನು. ಆದರೆ ರೋಧವು ಉಷ್ಣತೆಯೊಡನೆ ಸರಳರೇಖೆಯಲ್ಲಿ ಏರದೆ ಕಿಂಚಿತ್ತು ಬಾಗುವುದರಿಂದ, ಸೂತ್ರದಲ್ಲಿ ಉಷ್ಣತೆಯ ವರ್ಗಪದಕ್ಕೂ ಸ್ಥಾನವಿರಬೇಕೆಂಬುದು ಅವನ ಕಾಲದಿಂದಲೂ ವಿದಿತವಾಗಿದೆ. ಥರ್ಮಿಸ್ಟರಿನ ಬಾಗು ಇದಕ್ಕಿಂತಲೂ ತೀವ್ರವಾದುದು. ಅದನ್ನು ಹಿಡಿಯುವ, ಲಾಗರಿತಮ್ಮಿನ ಘನಪದವುಳ್ಳ ಸೂತ್ರವನ್ನು ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ ಎಂಬ ವಿಜ್ಞಾನಿಗಳು 1968ರಲ್ಲಿ ಆಳಸಮುದ್ರದ ಸಂಶೋಧನೆಗೆ ಮೀಸಲಾದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಈ ಜ್ಞಾನವೆಲ್ಲವೂ ಪ್ರಬಂಧಗಳಲ್ಲಿಯೂ ತಯಾರಕರ ವಿವರಪತ್ರಗಳಲ್ಲಿಯೂ ಇದ್ದಿತು, ಓದುವವನು ಮನುಷ್ಯನಾಗಿದ್ದನು. ಓದುವ ಕೆಲಸವು ಯಂತ್ರದ ಪಾಲಿಗೆ ಬಂದಾಗ ತೊಡಕು ಆರಂಭವಾಯಿತು. ಚಿಕ್ಕ ಯಂತ್ರಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯೆಂದರೆ, ಪ್ರತಿಯೊಂದು ಮಂಡಲಫಲಕಕ್ಕೂ ಸಿ ಭಾಷೆಯಲ್ಲಿ ಒಂದು ಪ್ರತ್ಯೇಕ ಕಡತವನ್ನು ಬರೆದು, ಯಾವ ತಂತಿಗೆ ಯಾವ ಉಪಕರಣವು ಜೋಡಿಸಲ್ಪಟ್ಟಿದೆಯೆಂಬುದನ್ನು ಕ್ರಮವಿಧಿಯೊಳಗೇ ಹುದುಗಿಸುವುದು. ಫಲಕವನ್ನು ಬಲ್ಲವನು ಕರ್ನೆಲ್ಲನ್ನೂ ಬಲ್ಲವನಾಗಿರಬೇಕಾಯಿತು. ಎಆರ್‌ಎಂ ಸಂಸ್ಕಾರಕಗಳನ್ನುಳ್ಳ ಫಲಕಗಳು ಹೆಚ್ಚಿದಂತೆ ಇಂತಹ ಕಡತಗಳೂ ಹೆಚ್ಚಿ, 2011ರಲ್ಲಿ ಲೈನಸ್ ಟೋರ್ವಾಲ್ಡ್ಸರು ಈ ಅವ್ಯವಸ್ಥೆಯ ಬಗೆಗೆ ಬಹಿರಂಗವಾಗಿಯೇ ಕಟುವಾಗಿ ಆಕ್ಷೇಪಿಸಿದರು.

ಪರಿಹಾರವು ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಯಂತ್ರಗಳಲ್ಲಿ ರೂಪುಗೊಂಡು, 1994ರಲ್ಲಿ ಐಇಇಇ 1275 ಎಂಬ ಮಾನಕವಾಗಿ ನಿಂತ ಓಪನ್ ಫರ್ಮ್‌ವೇರ್ ಪದ್ಧತಿಯಲ್ಲಿ ಡಿವೈಸ್ ಟ್ರೀ, ಎಂದರೆ ಸಾಧನವೃಕ್ಷವೆಂಬ ಕಲ್ಪನೆಯು ಆಗಲೇ ಇದ್ದಿತು. ಯಂತ್ರದ ಭಾಗಗಳನ್ನು ಕೊಂಬೆ ರೆಂಬೆಗಳಂತೆ ಜೋಡಿಸಿ, ಪ್ರತಿಯೊಂದು ಗಂಟಿಗೂ ಹೆಸರನ್ನೂ ಗುಣಗಳನ್ನೂ ಬರೆದು ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸುವ ಪಟ್ಟಿಯಿದು. 2005ರ ವೇಳೆಗೆ ಪವರ್‌ಪಿಸಿ ಯಂತ್ರಗಳ ಲಿನಕ್ಸ್ ಇದನ್ನು ಸಮತಟ್ಟಾದ ಕಡತದ ರೂಪದಲ್ಲಿ ಅಂಗೀಕರಿಸಿದ್ದಿತು. 2011ರ ಅನಂತರ ಎಆರ್‌ಎಂ ಫಲಕಗಳೂ ಕ್ರಮೇಣ ಅದೇ ದಾರಿಯನ್ನು ಹಿಡಿದವು. ಈ ವೃಕ್ಷದ ಮೂಲತತ್ತ್ವವೊಂದನ್ನು ಗಮನಿಸಬೇಕು: ಅದು ಯಂತ್ರಾಂಗವು ಏನು ಎಂಬುದನ್ನು ಹೇಳತಕ್ಕದ್ದೇ ಹೊರತು, ಅದರಿಂದ ಏನು ಮಾಡಿಸಬೇಕೆಂಬುದನ್ನಲ್ಲ. ಒಂದೇ ವಿವರಣೆಯನ್ನು ಲಿನಕ್ಸೂ ಓದಬಹುದು, ಬೇರೊಂದು ವ್ಯವಸ್ಥೆಯೂ ಓದಬಹುದು.

ಈ ತತ್ತ್ವವು ಅನಲಾಗ್ ಸಂವೇದಕದಲ್ಲಿ ಹೇಗೆ ಪರೀಕ್ಷೆಗೆ ಒಳಗಾಯಿತೆಂಬುದಕ್ಕೆ ಥರ್ಮಿಸ್ಟರ್ ಡ್ರೈವರಿನ ಕಥೆಯು ಉತ್ತಮ ನಿದರ್ಶನ. ಈ ಡ್ರೈವರು ಕರ್ನೆಲ್ಲಿಗೆ ಸೇರಿದುದು 2011ರಲ್ಲಿ. ಸಾಧನವೃಕ್ಷದಿಂದ ವಿವರಗಳನ್ನು ಓದಿಕೊಳ್ಳುವ ಶಕ್ತಿಯು ಅದಕ್ಕೆ 2013ರಲ್ಲಿ ಬಂದಿತು. ಥರ್ಮಿಸ್ಟರು ಒಂಟಿಯಾಗಿ ಕೆಲಸಮಾಡಲಾರದು. ಗೊತ್ತಾದ ವೋಲ್ಟೇಜಿಗೂ ನೆಲಕ್ಕೂ ನಡುವೆ ಅದನ್ನು ಇನ್ನೊಂದು ಸ್ಥಿರರೋಧದೊಡನೆ ಸರಣಿಯಲ್ಲಿ ಜೋಡಿಸಿ, ನಡುಬಿಂದುವಿನ ವೋಲ್ಟೇಜನ್ನು ಪರಿವರ್ತಕದಿಂದ ಅಳೆಯಬೇಕು. ಆದಕಾರಣ ವಿವರಣೆಯಲ್ಲಿ ‘ಪುಲ್‌ಅಪ್-ಯುವಿ’, ‘ಪುಲ್‌ಅಪ್-ಓಮ್’, ‘ಪುಲ್‌ಡೌನ್-ಓಮ್’ ಎಂಬ ಮೂರು ಸಂಖ್ಯೆಗಳೂ, ಥರ್ಮಿಸ್ಟರು ಧನದ ಕಡೆಗೆ ಜೋಡಿಸಲ್ಪಟ್ಟಿದ್ದರೆ ‘ಕನೆಕ್ಟೆಡ್-ಪಾಸಿಟಿವ್’ ಎಂಬ ಒಂದು ಗುರುತೂ ಇವೆ.

ಈ ಸಣ್ಣ ಸಂಗತಿಗಳ ಭಾರವನ್ನು ಲೆಕ್ಕಹಾಕಿ ನೋಡುವುದು ಉಚಿತ. 25 ಡಿಗ್ರಿಯಲ್ಲಿ 47 ಕಿಲೋಓಮ್ ರೋಧವುಳ್ಳ ಥರ್ಮಿಸ್ಟರನ್ನು ಅಷ್ಟೇ ಬೆಲೆಯ ಸ್ಥಿರರೋಧದೊಡನೆ ಜೋಡಿಸಿದರೆ ನಡುಬಿಂದುವಿನಲ್ಲಿ ಸರಿಯಾಗಿ ಅರ್ಧ ವೋಲ್ಟೇಜು ನಿಲ್ಲುತ್ತದೆ. ವಿವರಣೆಯನ್ನು ಬರೆದವನು ಸ್ಥಿರರೋಧವನ್ನು 100 ಕಿಲೋಓಮ್ ಎಂದು ನಮೂದಿಸಿದ್ದನಾದರೆ, ಡ್ರೈವರು ಥರ್ಮಿಸ್ಟರಿನ ರೋಧವೂ 100 ಕಿಲೋಓಮ್ ಎಂದೇ ಭಾವಿಸಿ, ಕೊಠಡಿಯು ಸುಮಾರು 9 ಡಿಗ್ರಿಯಷ್ಟು ತಣ್ಣಗಿದೆಯೆಂದು ವರದಿಮಾಡುವುದು. ಗುರುತನ್ನು ಬಿಟ್ಟುಬಿಡುವುದು ಇದಕ್ಕಿಂತಲೂ ಘೋರವಾದುದು. ಧನದ ಕಡೆಗಿರುವ ಥರ್ಮಿಸ್ಟರು ಕಾದಾಗ ನಡುಬಿಂದುವಿನ ವೋಲ್ಟೇಜು ಏರುತ್ತದೆ. ಗುರುತಿಲ್ಲದ ವಿವರಣೆಯನ್ನು ನಂಬಿದ ಡ್ರೈವರು ಆ ಏರಿಕೆಯನ್ನು ತಂಪೆಂದು ಓದುತ್ತದೆ. ಯಂತ್ರವು ಸುಡುತ್ತಿರುವಾಗ ವ್ಯವಸ್ಥೆಯು ಬೀಸಣಿಗೆಯನ್ನು ನಿಧಾನಗೊಳಿಸುತ್ತದೆ. ಇಲ್ಲಿ ಕ್ರಮವಿಧಿಯಲ್ಲಿ ಒಂದಕ್ಷರವೂ ತಪ್ಪಿಲ್ಲ, ತಪ್ಪಿರುವುದು ಸಾಕ್ಷ್ಯ.

ಥರ್ಮಿಸ್ಟರಿನ ಬಾಗನ್ನು ಸೂಚಿಸುವ ಕೋಷ್ಟಕವು ಎಲ್ಲಿರಬೇಕೆಂಬುದರಲ್ಲಿ ಎರಡು ಮಾರ್ಗಗಳು ಕಂಡುಬರುತ್ತವೆ. ಮೇಲ್ಕಂಡ ಡ್ರೈವರಿನಲ್ಲಿ ಕೋಷ್ಟಕವು ಡ್ರೈವರಿನೊಳಗಿದ್ದು, ವಿವರಣೆಯು ಸಂವೇದಕದ ಹೆಸರನ್ನು ಮಾತ್ರ ಹೇಳುತ್ತದೆ. 2016ರಲ್ಲಿ ಬಂದ ಇನ್ನೊಂದು ಸಾಮಾನ್ಯ ಡ್ರೈವರಿನಲ್ಲಾದರೋ, ಉಷ್ಣತೆಗೂ ಪರಿವರ್ತಕದ ಅಳತೆಗೂ ಇರುವ ಸಂಬಂಧವನ್ನು ಜೋಡಿ ಜೋಡಿಯಾಗಿ ಸಾಧನವೃಕ್ಷದಲ್ಲಿಯೇ ಬರೆಯಬೇಕು. ಎರಡನೆಯದು ಅನುಕೂಲವೆಂಬುದರಲ್ಲಿ ಸಂಶಯವಿಲ್ಲ. ಯಾವ ಸಂವೇದಕವನ್ನು ತಂದರೂ ಡ್ರೈವರನ್ನು ತಿದ್ದಬೇಕಾಗಿಲ್ಲ. ಆದರೂ ನಮಗೆ ಮೊದಲನೆಯದೇ ಯುಕ್ತವೆಂದು ತೋರುತ್ತದೆ. ಬಾಗು ಸಂವೇದಕದ ಜಾತಿಗುಣ. ಆ ಜಾತಿಯ ವಸ್ತುವು ಎಲ್ಲಿದ್ದರೂ ಅದು ಒಂದೇ. ಸ್ಥಿರರೋಧದ ಬೆಲೆಯಾದರೋ ಆ ಒಂದು ಫಲಕದ ಗುಣ. ಕೋಷ್ಟಕದಲ್ಲಿ ಇವೆರಡೂ ಬೆರೆತುಹೋಗಿ, ಮುಂದೆ ಓದುವವನಿಗೆ ಯಾವುದು ಯಾವುದೆಂದು ಬಿಡಿಸಲು ಬಾರದಂತಾಗುತ್ತದೆ.

ಹೆಸರಿನ ವಿಷಯದಲ್ಲಿ ಒಂದು ವಿನೋದವುಂಟು. ಸಾಧನವೃಕ್ಷದ ಸಂಪ್ರದಾಯದಂತೆ ಹೆಸರಿನ ಪೂರ್ವಾರ್ಧವು ತಯಾರಕನದು, ಉತ್ತರಾರ್ಧವು ವಸ್ತುವಿನದು. ಥರ್ಮಿಸ್ಟರುಗಳಿಗೆ ಮೊದಲು ಹೆಸರಿಟ್ಟವರು ಪೂರ್ವಾರ್ಧದಲ್ಲಿ ‘ಎನ್‌ಟಿಸಿ’ ಎಂದು ಬರೆದರು. ಅದು ತಯಾರಕನ ಹೆಸರಲ್ಲ. ಕಾದಂತೆ ರೋಧವು ಕುಗ್ಗುವ ಗುಣದ ಸಂಕ್ಷೇಪ. ವಸ್ತುವನ್ನು ತಯಾರಿಸಿದುದು ಜಪಾನಿನ ಮುರಾಟಾ ಸಂಸ್ಥೆ. ಅನಂತರ ‘ಮುರಾಟಾ’ ಎಂದು ತಿದ್ದಿದರೂ ಹಳೆಯ ಹೆಸರನ್ನು ಅಳಿಸಲಾಗಲಿಲ್ಲ. ಅದನ್ನು ನಂಬಿದ ಫಲಕಗಳು ಆಗಲೇ ಬಳಕೆಯಲ್ಲಿದ್ದುದರಿಂದ, ‘ಇನ್ನು ಬಳಸತಕ್ಕದ್ದಲ್ಲ’ ಎಂಬ ಷರಾದೊಡನೆ ಅದು ಹಾಗೆಯೇ ಉಳಿಯಿತು. ಶಾಸನವನ್ನು ಕೊರೆದವನ ತಪ್ಪನ್ನು ಲಿಪಿಕಾರರು ಹಾಗೆಯೇ ಉಳಿಸಿಕೊಂಡು ಬಂದಂತೆ ಇದು. ಅಕ್ಷರದ ರೂಪದಿಂದ ಶಾಸನದ ಕಾಲವನ್ನು ಊಹಿಸುವಂತೆ ಇಲ್ಲಿಯೂ ಊಹಿಸಬಹುದು: ಹಳೆಯ ಗುಣನಾಮದಲ್ಲಿ ಮೈಕ್ರೋವೋಲ್ಟು ಎರಡಕ್ಷರದ ‘ಯುವಿ’ ಆಗಿದೆ, ಈಚಿನವುಗಳಲ್ಲಿ ಮಾನವನ್ನು ಪೂರ್ತಿಯಾಗಿ ಬರೆಯುತ್ತಾರೆ. ಕರ್ನೆಲ್ಲು ದಶಮಾಂಶದ ಗಣಿತವನ್ನು ಸಾಮಾನ್ಯವಾಗಿ ಬಳಸದಿರುವುದರಿಂದ ಎಲ್ಲವೂ ಪೂರ್ಣಾಂಕಗಳಾಗಿರಬೇಕು. ಉಷ್ಣತೆಯು ಮಿಲಿಸೆಲ್ಸಿಯಸ್‌ಗಳಲ್ಲಿ ನಡೆಯುವುದು ಅದರಿಂದಲೇ.

2022ರಲ್ಲಿ ಪ್ಲಾಟಿನಂ ಮಾಪಕವೂ ಈ ಭಾಷೆಯೊಳಗೆ ಬಂದಿತು. ವಿವರಣೆಯಲ್ಲಿ ಮೂರು ಗುಣಗಳಿವೆ: ತಂತಿಯಲ್ಲಿ ಹರಿಸುವ ವಿದ್ಯುತ್ ಪ್ರವಾಹ, ಸೊನ್ನೆ ಡಿಗ್ರಿಯಲ್ಲಿನ ರೋಧ, ಮತ್ತು ಡಿಗ್ರಿಯೊಂದಕ್ಕೆ ರೋಧವು ದಶಲಕ್ಷದಲ್ಲಿ ಎಷ್ಟು ಭಾಗ ಏರುವುದೆಂಬ ಆಲ್ಫಾ. ಕ್ಯಾಲೆಂಡರನ ವರ್ಗಪದಕ್ಕೆ ಸ್ಥಾನವಿಲ್ಲ. ರೇಖೆಯು ಸರಳವೆಂದೇ ಎಣಿಸಲಾಗಿದೆ. ದಾಖಲೆಯ ಮಾದರಿಯಲ್ಲಿ ಆಲ್ಫಾ 3908 ಎಂದಿದೆ. ಇದು ಸೊನ್ನೆ ಡಿಗ್ರಿಯಲ್ಲಿ ವಕ್ರರೇಖೆಗೆ ಎಳೆದ ಸ್ಪರ್ಶರೇಖೆಯ ಇಳುಕಲು; ವಿವರಪತ್ರಗಳಲ್ಲಿ ಕಾಣುವ 3850 ಎಂಬುದು ಸೊನ್ನೆಯಿಂದ ನೂರು ಡಿಗ್ರಿಯವರೆಗಿನ ಸರಾಸರಿ. ಎರಡೂ ಸತ್ಯವೇ, ಗುಣನಾಮವು ಮಾತ್ರ ಯಾವುದನ್ನು ಬರೆಯಬೇಕೆಂದು ಹೇಳುವುದಿಲ್ಲ. 3908ನ್ನು ಬರೆದರೆ ನಿಜವಾದ 25 ಡಿಗ್ರಿಯು 24.9 ಆಗಿಯೂ, 100 ಡಿಗ್ರಿಯು 98.5 ಆಗಿಯೂ, 200 ಡಿಗ್ರಿಯು ಸುಮಾರು 194 ಆಗಿಯೂ ಕಾಣುವುದು. 3850ನ್ನು ಬರೆದರೆ 50 ಡಿಗ್ರಿಯು 50.4 ಆಗಿ, 100 ಡಿಗ್ರಿಯು ಸರಿಯಾಗಿ, 200 ಡಿಗ್ರಿಯು 197ರಷ್ಟಾಗಿ ಕಾಣುವುದು. ಕೊಠಡಿಯ ಉಷ್ಣತೆಯ ಸುತ್ತಮುತ್ತ ಅಳೆಯುವವನು ಮೊದಲನೆಯದನ್ನೂ, ಕುದಿನೀರಿನ ಸಮೀಪದಲ್ಲಿ ಅಳೆಯುವವನು ಎರಡನೆಯದನ್ನೂ ಆರಿಸಿಕೊಳ್ಳುವುದು ವಿಹಿತ. ಅದಕ್ಕೂ ಮೇಲಿನ ಉಷ್ಣತೆಗಳಿಗೆ ಡ್ರೈವರು ಕೊಡುವ ಉತ್ತರವನ್ನು ಕ್ಯಾಲೆಂಡರನ ಸೂತ್ರದಿಂದ ತಿದ್ದಿಕೊಳ್ಳಬೇಕಾಗುತ್ತದೆ.