ನಾಲ, ತೋಬರಿ, ಕಣಕಿ: ಬಿಜಾಪುರದ ದಂಡಿನ ಕುದುರಿ ಬದುಕಿದ್ದು ಹ್ಯಾಂಗ?



ಮೊನ್ನೆ ಸಂತಿಗೆ ಹೋದಾಗ ಎತ್ತಿಗೆ ನಾಲ ಕಟ್ಟಿಸಿದೆ. ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು, ಸೀಳು ಗೊರಸಿಗೆ ಎರಡೆರಡು ತುಂಡು ಬಡಿದರು. ಬಡಿಯೋ ಹಿರಿಯರು, "ಕುದುರಿ ಆಗಿದ್ರ ಕೆಡವೂದಿಲ್ರಿ ಅಣ್ಣಾರ, ನಿಂತಲ್ಲೇ ಕಾಲು ಎತ್ತಿ ಹಿಡಿದು ಬಡೀತಾರ. ಅದಕ್ಕ ಇಡೀ ನಾಲ ಒಂದೇ" ಅಂದ್ರು. ನಾಲಬಂದ ಅನ್ನೋ ಅಡ್ಡಹೆಸರು ನಮ್ಮ ಜಿಲ್ಲಾದಾಗ ಈಗೂ ಐತಿ. ಅದು ಫಾರ್ಸಿ ಮಾತು, ಕುದುರೆಗೆ ನಾಲ ಕಟ್ಟುವವ ಅಂತ ಅರ್ಥ. ಆದಿಲಶಾಹಿ ಹೋಯಿತು, ಹೆಸರು ಉಳೀತು.

ಎಸ್ಸೆಸ್ಸೆಲ್ಸಿಯಲ್ಲಿ ನಾವು ಓದಿದ ಪಾಠದಾಗ 1565ರ ರಕ್ಕಸಗಿ-ತಂಗಡಗಿ ಕಾಳಗ ಇತ್ತು. ನಮ್ಮ ಮುದ್ದೇಬಿಹಾಳ ತಾಲೂಕಿನ ಊರುಗಳವು. ಯಾರು ಗೆದ್ದರು ಅಂತ ಇತ್ತು. ಕುದುರೆ ಏನು ತಿಂದವು, ಯಾರ ಹೊಲದ್ದು ತಿಂದವು ಅಂತ ಇರಲಿಲ್ಲ.

ಎತ್ತು ಗಬಗಬ ತಿಂದು ಆಮೇಲೆ ಮೆಲುಕು ಹಾಕ್ತೈತಿ. ಕುದುರೆಗೆ ಮೆಲುಕೂ ಇಲ್ಲ, ತಿಂದದ್ದನ್ನ ವಾಂತಿ ಮಾಡಿ ಹೊರಹಾಕೋ ಶಕ್ತಿನೂ ಇಲ್ಲ. ಬೂಸ್ಟು ಹಿಡಿದ ಕಾಳು ತಿಂತು ಅಂದ್ರೆ ಹೊಟ್ಟಿಶೂಲಿ ಬಂದು ಸಾಯಬಹುದು. ಅದಕ್ಕೇ ಹುರಳಿ, ಕಡಲಿ ನೆನೆಸಿ, ಕುದಿಸಿ, ಆರಿಸಿ, ತೋಬರಿ ಚೀಲದಾಗ ಹಾಕಿ ಮೂತಿಗೆ ಕಟ್ಟೋದು. 1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿ ಕುದುರೆಗೆ ಕಾಳು ಹಾಕ್ತಾರ, ಸಕ್ಕರಿ ಎಣ್ಣಿ ಬೆರೆಸಿ ಕಿಚಡಿ ಮಾಡಿ ಕೊಡ್ತಾರ ಅಂತ ಬರದಿಟ್ಟಾನ.

ಇನ್ನು ಮೈ ಚಾಕರಿ. ಬೆವರು, ಧೂಳು ಒಣಗಿ ಜೀನಿನ ಕೆಳಗ ಉಳಿದರೆ ಬೆನ್ನು ಹುಣ್ಣಾಗ್ತೈತಿ. ಬೆನ್ನು ಹುಣ್ಣಾದ ಕುದುರೆ ಸವಾರಿಗೆ ಬರೂದಿಲ್ಲ. ಹಂಗಾಗಿ ದಿನಾ ತಿಕ್ಕಿ, ಬಾಚಿ, ಗೊರಸಿನ ಸಂದ್ಯಾಗಿನ ಹರಳು, ಎರಿ ಮಣ್ಣು ಕೆದರಿ ತೆಗೀಬೇಕು. ನಮ್ಮ ಎರಿ ಮಳಿಗಾಲದಾಗ ಮನಶ್ಯಾನ ಚಪ್ಪಲಿನೇ ಬಿಡೂದಿಲ್ಲ, ಕುದುರೆ ನಾಲ ಬಿಟ್ಟೀತ? ರಾತ್ರಿ ಮುಂದ ಅಗಾಡಿ, ಹಿಂದ ಪಿಛಾಡಿ ಹಗ್ಗ. ಹುಲ್ಲು ತರೋ ಆಳು ಬ್ಯಾರೆ. ಬ್ಯಾಸಿಗಿಯಲ್ಲಿ ಹುಲ್ಲು ಸಿಗದಿದ್ದರೆ ಕುರಪಿ ತಗೊಂಡು ಕರಿಕಿ ಬೇರು ಅಗೆದು, ತೊಳೆದು ಹಾಕ್ತಿದ್ದರು. ನಾವು ಬೈದು ಕಿತ್ತೊಗೆಯೋ ಕರಿಕಿ!

ಸ್ವಂತ ಕುದುರೆ ತಂದು ಚಾಕರಿ ಸೇರುವವ ಶಿಲ್ಲೇದಾರ, ದೊರೆಯ ಕುದುರೆ ಏರುವವ ಬಾರಗೀರ. ಶಿಲ್ಲೇದಾರನ ಕುದುರೆ ಸತ್ತರೆ ಅವನ ಹೊಟ್ಟೆಪಾಡೇ ಹೋದಂಗ. ಬಿತ್ತಿಗಿ ಹೊತ್ತಿಗೆ ಎತ್ತು ಕಳಕೊಂಡವರಿಗೆ ಇದು ತಿಳೀತೈತಿ.

ಈಗ ಲೆಕ್ಕ ಹಾಕ್ರಿ. ಒಂದು ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಮೇವು, 30 ಲೀಟರ್ ನೀರು ಹಿಡೀರಿ. 10 ಸಾವಿರ ಕುದುರೆಯ ದಂಡು ಬಂದ್ರೆ ಒಂದೇ ದಿನಕ್ಕೆ 1,000 ಕ್ವಿಂಟಲ್ ಮೇವು, 3 ಲಕ್ಷ ಲೀಟರ್ ನೀರು. 5 ಸಾವಿರ ಲೀಟರಿನ ಟ್ಯಾಂಕರ್ 60 ಬೇಕು. ಒಂಟಿ, ಆನೆ, ಎತ್ತು, ಮಂದಿ ಬ್ಯಾರೆ.

ಬಿಜಾಪುರ ಒಮ್ಮೆ ಉಳಿದದ್ದು ಇದೇ ಲೆಕ್ಕದಿಂದ. 1665ರ ಡಿಸೆಂಬರ್ 29ಕ್ಕೆ ಮೊಗಲರ ಜಯಸಿಂಗ ಕೋಟೆಗೆ 12 ಮೈಲಿ ಹತ್ತಿರ ಬಂದ. ಎರಡನೇ ಅಲಿ ಆದಿಲಶಹನ ಕಡೆಯವರು ಅಷ್ಟರಾಗ ಊರ ಸುತ್ತ ಆರು ಮೈಲಿ ಬಯಲು ಮಾಡಿದ್ದರು. ಬಾವಿ ಮುಚ್ಚಿದರು, ಕೆರೆ ಒಡೆದು ಖಾಲಿ ಮಾಡಿದರು, ಗಿಡ ಕಡಿದರು. ಜಯಸಿಂಗ ವಾರದೊಳಗೆ, 1666ರ ಜನವರಿ 5ಕ್ಕೆ ಹಿಂದಕ್ಕ ತಿರುಗಿದ. ಕೋಟೆ ಗೆದ್ದಿತು. ಖರೆ, ಡಿಸೆಂಬರ್ ಕಡೀಗೆ ನಮ್ಮ ಹಿಂಗಾರಿ ಜೋಳ ತೆನಿ ಕಟ್ಟೋ ಹೊತ್ತು. ಆ ಬಯಲಿನೊಳಗ ಹೊಲ ಇದ್ದವನು ಆ ವರ್ಷ ಏನು ತಿಂದ?

20 ವರ್ಷದ ನಂತರ ಲೆಕ್ಕ ತಿರುಗಿ ಬಿತ್ತು. 1685ರಲ್ಲಿ ಔರಂಗಜೇಬನ ದಂಡು ಮುತ್ತಿಗೆ ಹಾಕ್ತು. ಮಳಿ ಕೈಕೊಟ್ಟಿತ್ತು. ಮಗ ಆಜಂನ ಪಾಳೆಯ ಹಸಿವಿನಿಂದ ಕಂಗೆಟ್ಟಾಗ ಫಿರೋಜ್ ಜಂಗ್ ಸಾವಿರಾರು ಎತ್ತಿನ ಮೇಲೆ ದವಸ ಹೇರಿಸಿ ತಂದು ಉಳಿಸಿದ. ದವಸದ ದಾರಿ ಕಾಯಲಿಕ್ಕೆ ನಮ್ಮ ಇಂಡಿಯಲ್ಲಿ ಮೊಗಲರ ಠಾಣೆ ಇತ್ತು. ಕುದುರೆ ಮಂದಿ ಬದುಕಿದ್ದು ಎತ್ತಿನ ಬೆನ್ನ ಮ್ಯಾಲೆ, ನೋಡ್ರಿ. ಕೋಟೆಯೊಳಗೆ ಅಂಥ ಎತ್ತು ಬರಲಿಲ್ಲ. ಮಂದಿ, ಕುದುರೆ ಲೆಕ್ಕ ಇಲ್ಲದಂಗ ಸತ್ತವು. ಹಗುರ ಕುದುರೆ ಮ್ಯಾಲೆ ಹೋಗಿ ಶತ್ರುವಿನ ದವಸ ತಡೆಯೋದು ದಖನಿಯವರ ಹಳೇ ಜಾಣತನ. ಕುದುರೆ ಇಲ್ಲದೆ ಅದೂ ನಿಂತು ಹೋಯ್ತು. 1686ರ ಸೆಪ್ಟೆಂಬರ್ 12ಕ್ಕೆ ಸಿಕಂದರ ಆದಿಲಶಹ ಶರಣಾದ. ಮಲಿಕ್-ಎ-ಮೈದಾನ ತೋಪು ಬುರ್ಜಿನ ಮ್ಯಾಲೇ ಇತ್ತು.

ನನ್ನದೊಂದು ತಪ್ಪು ಹೇಳಿ ಮುಗಸ್ತೀನಿ. 2023ರ ಬರದಾಗ ರೇಟು ಚೊಲೊ ಬಂತಂತ ಅರ್ಧ ಬಣಿವಿ ಮಾರಿದೆ. ಬ್ಯಾಸಿಗ್ಯಾಗ ಅದೇ ಕಣಕಿ ದುಪ್ಪಟ್ಟು ಕೊಟ್ಟು ತಂದೆ, ಅದೂ ಸಾಲಲಿಲ್ಲ. ಮುಂಗಾರಿಗೆ ಮಳಿ ಬಂತು, ಎತ್ತಿಗೆ ಎಳೆಯೋ ತ್ರಾಣ ಇರಲಿಲ್ಲ. ಬಾಡಿಗಿ ಟ್ರ್ಯಾಕ್ಟರ್ ಸಿಗೂತನಕ ಹದ ಹೋತು.

ಎರಡು ಎತ್ತಿಗೆ ದಿನಕ್ಕ 15 ಕಿಲೋ ಅಂದ್ರೂ ಐದು ತಿಂಗಳಿಗೆ 22 ಕ್ವಿಂಟಲ್ ದಾಟ್ತೈತಿ. ಈ ಸಲ ಕಣಕಿ ಮಾರೋಕಿಂತ ಮೊದಲು ಅಷ್ಟು ತೆಗೆದಿಡ್ರಿ. ಬಾಗೇವಾಡಿ, ಸಿಂದಗಿ ಕಡೆಯವರ ಮನ್ಯಾಗ ಹಳೇ ತೋಬರಿ, ಕುದುರೆ ನಾಲ ಇದ್ರೆ, ಇಲ್ಲಾ ಹಿರಿಯರು ಹೇಳಿದ ಮಾತಿದ್ರೆ ತಿಳಿಸ್ರಿ. ಬರದಿಡೋಣು.